ಬೆಕ್ಕಿನ ಮರಿ ಮತ್ತು ನಮ್ಮ ಕಣ್ಣೀರು

ಚುನಾವಣೆ ಹತ್ತಿರವಿರುವಾಗ ಅಮೆರಿಕದ ಅಧ್ಯಕ್ಷ ಲೈಂಗಿಕ ಹಗರಣವೊಂದರಲ್ಲಿ ಸಿಲುಕುತ್ತಾನೆ. ಜನರ ಗಮನ ಬೇರೆಡೆ ಸೆಳೆಯಲು ಅವನ ಕಡೆಯವರು ಹಾಲಿವುಡ್ ನಿರ್ಮಾಪಕನೊಬ್ಬನನ್ನು ಹಿಡಿದು, ಅಲ್ಬೇನಿಯಾದೊಂದಿಗೆ ನಡೆಯದ ಯುದ್ಧವನ್ನು ಟಿ.ವಿ.ಯಲ್ಲಿ ನಡೆಸುತ್ತಾರೆ. ಬ್ಯಾರಿ ಲೆವಿನ್ಸನ್ ನಿರ್ದೇಶಿಸಿದ ‘ವ್ಯಾಗ್ ದ ಡಾಗ್’ ಚಿತ್ರದ ಕಥೆಯಿದು. ಬಾಲವೇ ನಾಯಿಯನ್ನು ಅಲ್ಲಾಡಿಸುವುದು ಎಂಬುದು ಆ ಹೆಸರಿನ ಅರ್ಥ.

ಒಂದು ತಿಂಗಳೊಳಗೆ ಚಿತ್ರೀಕರಣ ಮುಗಿಸಿದ ಈ ಚಿತ್ರ ತೆರೆ ಕಂಡದ್ದು 1997ರ ಡಿಸೆಂಬರ್‌ನಲ್ಲಿ. ಮರು ತಿಂಗಳೇ ಕ್ಲಿಂಟನ್-ಲೆವಿನ್‌ಸ್ಕಿ ಪ್ರಕರಣ ಬಯಲಾಯಿತು. 1998ರ ಆಗಸ್ಟ್ 17ರಂದು ಕ್ಲಿಂಟನ್ ಟಿ.ವಿ.ಯಲ್ಲಿ ಸಂಬಂಧವನ್ನು ಒಪ್ಪಿಕೊಂಡರು. ಮೂರೇ ದಿನಗಳಲ್ಲಿ ಅಫ್ಘಾನಿಸ್ತಾನ ಮತ್ತು ಸುಡಾನಿನ ಮೇಲೆ ಕ್ಷಿಪಣಿಗಳು ಬಿದ್ದವು. ಖಾರ್ತೂಮಿನ ಅಲ್-ಶಿಫಾ ಔಷಧ ಕಾರ್ಖಾನೆ ನೆಲಸಮವಾಯಿತು. ಜಗತ್ತು ಈ ಚಿತ್ರವನ್ನು ನೆನೆದು ನಕ್ಕಿತು. ಆದರೆ ಅದೇ ತಿಂಗಳ 7ರಂದು ನೈರೋಬಿ ಮತ್ತು ದಾರ್ ಎಸ್ ಸಲಾಮ್‌ಗಳ ಅಮೆರಿಕನ್ ರಾಯಭಾರ ಕಚೇರಿಗಳಲ್ಲಿ ಇನ್ನೂರಕ್ಕೂ ಹೆಚ್ಚು ಮಂದಿ ಬಾಂಬಿಗೆ ಬಲಿಯಾದದ್ದು ಯಾವ ನಿರ್ಮಾಪಕನ ಕಲ್ಪನೆಯೂ ಆಗಿರಲಿಲ್ಲ.

ಚಿತ್ರದಲ್ಲಿ ನಮ್ಮನ್ನು ಹೆಚ್ಚು ಕಾಡುವ ದೃಶ್ಯ ಬೇರೆಯದು. ಸ್ಟುಡಿಯೋದಲ್ಲಿ ನಟಿಯೊಬ್ಬಳು ಚಿಪ್ಸ್ ಪೊಟ್ಟಣವನ್ನು ಅವುಚಿಕೊಂಡು ಓಡುತ್ತಾಳೆ. ಕಂಪ್ಯೂಟರ್ ಆ ಪೊಟ್ಟಣವನ್ನು ಬೆಕ್ಕಿನ ಮರಿಯಾಗಿಸುತ್ತದೆ, ಅವಳ ಬೆನ್ನ ಹಿಂದೆ ಊರೊಂದನ್ನು ಉರಿಸುತ್ತದೆ. ಮರಿ ಬಿಳಿಯದೇ ಇರಲಿ ಎಂದು ಅಧ್ಯಕ್ಷರ ಅಪ್ಪಣೆಯೂ ಬರುತ್ತದೆ! ಸಂಜೆಯ ವಾರ್ತೆ ನೋಡಿ ದೇಶ ಮರುಗುತ್ತದೆ.

ಇದು ಬರೀ ಅತಿಶಯೋಕ್ತಿಯೇ? 1990ರ ಅಕ್ಟೋಬರ್‌ನಲ್ಲಿ ಅಮೆರಿಕದ ಸಂಸದರ ಮಾನವ ಹಕ್ಕು ಕೂಟವೊಂದರ ಮುಂದೆ 15 ವರ್ಷದ ಕುವೈತಿ ಹುಡುಗಿಯೊಬ್ಬಳು ಅತ್ತಳು. ಇರಾಕಿ ಸೈನಿಕರು ಹಸುಗೂಸುಗಳನ್ನು ಇನ್‌ಕ್ಯುಬೇಟರ್‌ನಿಂದ ತೆಗೆದು ನೆಲಕ್ಕೆ ಹಾಕಿದರೆಂದಳು. ಹಿರಿಯ ಬುಷ್ ಈ ಮಾತನ್ನು ಮತ್ತೆ ಮತ್ತೆ ಹೇಳಿದರು. ಯುದ್ಧ ಮುಗಿದ ಮೇಲೆ, 1992ರಲ್ಲಿ, ಆಕೆ ಅಮೆರಿಕದಲ್ಲಿದ್ದ ಕುವೈತ್ ರಾಯಭಾರಿಯ ಮಗಳೆಂದೂ ಪ್ರಚಾರ ಸಂಸ್ಥೆಯೊಂದು ಅವಳನ್ನು ಸಿದ್ಧಪಡಿಸಿತ್ತೆಂದೂ ಬಯಲಾಯಿತು. ಅಂದು ಆಕೆ ಪ್ರಮಾಣ ಮಾಡಿರಲಿಲ್ಲ. ಆಕೆ ಯಾರ ಮಗಳೆಂದು ಕೇಳುವುದು ಅಲ್ಲಿದ್ದವರಿಗೆ ನಿರ್ದಯವೆನಿಸಿರಬಹುದು.

ಹಾಗಾದರೆ ಇನ್ನು ಯಾರ ಕಣ್ಣೀರನ್ನೂ ನಂಬದಿರೋಣವೇ? ನಮಗಂತೂ ಅದು ಜಾಣತನವೆನಿಸುವುದಿಲ್ಲ. 1999ರಲ್ಲಿ ಕೊಸೊವೊದ ಎಂಟು ಲಕ್ಷಕ್ಕೂ ಹೆಚ್ಚು ಅಲ್ಬೇನಿಯನ್ನರು ಮನೆಮಠ ಬಿಟ್ಟು ಗಡಿ ದಾಟಬೇಕಾಯಿತು. ಅವರಲ್ಲಿ ಬಹುಪಾಲು ಮುಸ್ಲಿಮರು. ನ್ಯಾಟೋ ಬಾಂಬುಗಳು ಬೀಳುತ್ತಿದ್ದ ಆ ದಿನಗಳಲ್ಲೇ ಸರ್ಬಿಯಾದ ಸರಕಾರಿ ಟಿ.ವಿ. ಇದೇ ಚಿತ್ರವನ್ನು ಪ್ರಸಾರ ಮಾಡಿತು. ಅಲ್ಬೇನಿಯನ್ನರ ಗೋಳೆಲ್ಲ ಹಾಲಿವುಡ್ಡಿನ ಆಟವೆಂದು ಹೇಳಲು ಅದಕ್ಕಿಂತ ಸುಲಭದ ದಾರಿ ಯಾವುದಿತ್ತು? ಸುಳ್ಳನ್ನು ಗೇಲಿ ಮಾಡಲು ಹುಟ್ಟಿದ ಚಿತ್ರ ಸತ್ಯವನ್ನು ಮುಚ್ಚುವ ಕೆಲಸಕ್ಕೂ ಒದಗಿತು. ನಂಬದವನಿಗೂ ಸಾಕ್ಷ್ಯದ ಹೊಣೆಯಿದೆ ಎಂಬುದನ್ನು ನಾವು ಬೇಗ ಮರೆಯುತ್ತೇವೆ.

ಮುಂದೆ ಹೇಗ್‌ನ ನ್ಯಾಯಮಂಡಳಿಯಲ್ಲಿ ಆ ಹಳ್ಳಿಗರು ಪ್ರಮಾಣ ಮಾಡಿ ನಿಂತರು, ಎದುರು ಪಕ್ಷದ ವಕೀಲರ ಪಾಟೀಸವಾಲಿಗೆ ಉತ್ತರಿಸಿದರು. 2009ರ ಫೆಬ್ರುವರಿಯಲ್ಲಿ ಐವರು ಉನ್ನತ ಅಧಿಕಾರಸ್ಥರು ಅಪರಾಧಿಗಳೆಂದು ತೀರ್ಪಾಯಿತು. ಆರನೆಯವರಾದ ಸರ್ಬಿಯಾದ ಮಾಜಿ ಅಧ್ಯಕ್ಷ ಮಿಲುಟಿನೋವಿಚ್ ಬಿಡುಗಡೆಯಾದರು.