ಹದಿನಾಲ್ಕನೆಯ ದಿನದವರೆಗೆ



ದಾರಿಯಲ್ಲಿ ಗಾಯಗೊಂಡು ಬಿದ್ದಿದ್ದವನನ್ನು ಎತ್ತಿ ಛತ್ರಕ್ಕೊಯ್ದ ಸಮಾರಿಯದವನ ಕಥೆಯನ್ನು ಸಂತ ಲೂಕರ ಶುಭಸಂದೇಶದಲ್ಲಿ ಕೇಳುವಾಗ ನಾವು ದಾರಿಬದಿಯಲ್ಲೇ ನಿಂತುಬಿಡುತ್ತೇವೆ. ಎಣ್ಣೆ, ದ್ರಾಕ್ಷಾರಸ, ಗಾಯಕ್ಕೆ ಕಟ್ಟಿದ ಬಟ್ಟೆ, ಇಷ್ಟನ್ನು ನೆನೆದು ಕಣ್ಣು ತುಂಬಿಕೊಳ್ಳುತ್ತೇವೆ. ಆದರೆ ಪ್ರಭು ಯೇಸು ಕಥೆಯನ್ನು ಮರುದಿನಕ್ಕೂ ಒಯ್ದರು. ಮರುದಿನ ಆ ಪರಕೀಯನು ಎರಡು ದಿನಾರಿಗಳನ್ನು, ಅಂದರೆ ಕೂಲಿಯಾಳಿನ ಎರಡು ದಿನದ ದುಡಿಮೆಯನ್ನು, ಛತ್ರದವನ ಕೈಗಿಟ್ಟ. ಹೆಚ್ಚು ಖರ್ಚಾದರೆ ಹಿಂದಿರುಗುವಾಗ ತೀರಿಸುವೆನೆಂದ. ಗಾಯ ಕಟ್ಟಿದ್ದು ಕರುಣೆ; ಗುಣವಾಗುವತನಕ ಹೊಣೆ ಹೊತ್ತದ್ದು ಅದಕ್ಕೂ ಮಿಗಿಲಾದ ಕರುಣೆ.

ನಮ್ಮ ಮಂಗಳೂರನ್ನೇ ನೋಡಿ. ಬಾಗಲಕೋಟೆ, ಕೊಪ್ಪಳ, ಗದಗಗಳಿಂದ ಗುಳೆ ಬಂದವರು, ಒಡಿಶಾ, ಬಿಹಾರ, ಬಂಗಾಳಗಳಿಂದ ರೈಲು ಹತ್ತಿ ಬಂದವರು ನಮ್ಮ ಫ್ಲ್ಯಾಟುಗಳನ್ನು ಕಟ್ಟುತ್ತಾರೆ. ಹೊಸ ಕಾಂಕ್ರೀಟಿನ ಮೇಲೆ ನಿಲ್ಲಿಸಿದ ನೀರಿನಲ್ಲಿ, ಲಿಫ್ಟಿನ ಗುಂಡಿಯಲ್ಲಿ ಸೊಳ್ಳೆ ಮೊಟ್ಟೆಯಿಡುತ್ತದೆ. ಪಕ್ಕದ ಶೆಡ್ಡಿನಲ್ಲಿ ಪರದೆಯಿಲ್ಲದೆ ಮಲಗಿದವನಿಗೆ ಮಲೇರಿಯಾ ತಗಲುತ್ತದೆ. ವೈವಾಕ್ಸ್ ಎಂಬ ಬಗೆಯ ಮಲೇರಿಯಾಕ್ಕೆ ಕ್ಲೋರೋಕ್ವಿನ್ 3 ದಿನ, ಪ್ರೈಮಾಕ್ವಿನ್ 14 ದಿನ. ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಮಾತ್ರೆಗೆ ದುಡ್ಡು ಕೊಡಬೇಕಿಲ್ಲ. ಆದರೆ ಕೆಲವೇ ದಿನಕ್ಕೆ ಜ್ವರ ಇಳಿಯುತ್ತದೆ, ಮಲಗಿದಷ್ಟು ದಿನ ಕೂಲಿ ಹೋಗುತ್ತದೆ. ಅವನು ಎದ್ದು ಕೆಲಸಕ್ಕೆ ನಡೆಯುತ್ತಾನೆ, ಮೇಸ್ತ್ರಿ ಇನ್ನೊಂದು ಸೈಟಿಗೆ ಕಳಿಸುತ್ತಾನೆ, ಉಳಿದ ಮಾತ್ರೆ ಶೆಡ್ಡಿನಲ್ಲೇ ಉಳಿಯುತ್ತದೆ. ಯಕೃತ್ತಿನಲ್ಲಿ ಅಡಗಿದ್ದ ರೋಗಾಣು ವಾರಗಳೋ ತಿಂಗಳುಗಳೋ ಕಳೆದು ಮತ್ತೆ ತಲೆಯೆತ್ತುತ್ತದೆ. ಇದನ್ನು ಅವನ ಉದಾಸೀನ ಎನ್ನುವವರು ದಿನಗೂಲಿಯಲ್ಲಿ ಬದುಕಿದವರಲ್ಲ.

ಪ್ರಿಯರೇ, ಪಾಪವೂ ಹೀಗೆಯೇ ಅಡಗಿ ಕೂರುತ್ತದೆ. ಪಾಪನಿವೇದನೆ ಮಾಡಿ ಎದ್ದ ದಿನ ಆತ್ಮದ ಜ್ವರ ಇಳಿಯುತ್ತದೆ. ಗುಣವಾಯಿತೆಂದು ನಾವು ಹಳೆಯ ಬದುಕಿಗೆ ಮರಳುತ್ತೇವೆ. ನಮ್ಮ ಮನೆ ಕಟ್ಟಿದವನ ಹೆಸರು ಕೇಳದ ಪಾಪ, ಅವನನ್ನು ಘಟ್ಟದವನು, ಹಿಂದಿಯವನು ಎಂದು ಕರೆದು ಮುಗಿಸುವ ಪಾಪ, ಕ್ರಿಸ್ಮಸ್ಸಿಗೊಂದು ಕಂಬಳಿ ಕೊಟ್ಟು ವರ್ಷವಿಡೀ ಮರೆಯುವ ಪಾಪ ನಮ್ಮೊಳಗೆ ಬೇರೂರಿವೆ. ದೇವರ ವರಪ್ರಸಾದಕ್ಕೆ ಆ ಬೇರನ್ನು ಕೀಳುವ ಬಲವಿದೆ. ಅದು ಇಂದು ಬರುತ್ತದೆ, ನಾಳೆ ಬರುತ್ತದೆ, ನಾವು ಬೇಸತ್ತ ದಿನವೂ ಬರುತ್ತದೆ.

ವಲಸಿಗರ ಪಾಲಕಿ ಸಂತ ಫ್ರಾನ್ಸಿಸ್ ಕ್ಷೇವಿಯರ್ ಕಬ್ರೀನಿ ಚೀನಾಕ್ಕೆ ಹೋಗಬೇಕೆಂದಿದ್ದರು. ಪೋಪ್ ಹದಿಮೂರನೆಯ ಲಿಯೋ ಅವರನ್ನು ಪಶ್ಚಿಮಕ್ಕೆ ಕಳಿಸಿದರು. 1889ರಲ್ಲಿ ನ್ಯೂಯಾರ್ಕಿನಲ್ಲಿಳಿದು, ಬಡ ಇಟಾಲಿಯನ್ನರ ನಡುವೆ ಬಾಳಿ, ಶಾಲೆ, ಅನಾಥಾಲಯ, ಆಸ್ಪತ್ರೆಗಳನ್ನು ಕಟ್ಟಿದರು. 1917ರಲ್ಲಿ ತಾವೇ ಸ್ಥಾಪಿಸಿದ ಶಿಕಾಗೋದ ಆಸ್ಪತ್ರೆಯಲ್ಲಿ ಕಣ್ಣುಮುಚ್ಚಿದರು. ಅವರನ್ನೂ ಮಲೇರಿಯಾ ಕಾಡಿತ್ತು. ನಮ್ಮೂರಿನಲ್ಲೂ ಕನ್ಯಾಸ್ತ್ರೀಯರು 1960ರಿಂದ ರೋಶನಿ ನಿಲಯ ಕಾಲೇಜಿನಲ್ಲಿ ಸಮಾಜಕಾರ್ಯವನ್ನು ಕಲಿಸುತ್ತಾ ಬಂದಿದ್ದಾರೆ. ಸಮಾಜ ಕಾರ್ಯಕರ್ತೆಯ ಕೆಲಸಕ್ಕೆ ಸನ್ಮಾನದ ಶಾಲು ಸಿಗುವುದು ಅಪರೂಪ. ರೋಗಿಯ ಮಾತನ್ನು ಡಾಕ್ಟರಿಗೆ ತಿಳಿಯುವಂತೆ ಹೇಳುವುದು, ರಜೆಗಾಗಿ ಮೇಸ್ತ್ರಿಯ ಜೊತೆ ವಾದಿಸುವುದು, ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ಅರ್ಜಿ ತುಂಬಿಸುವುದು, ಊರು ಬಿಟ್ಟವನನ್ನು ಫೋನಿನಲ್ಲಿ ಹುಡುಕುವುದು. ಸಮಾರಿಯದವನ ಮರುದಿನದ ಕೆಲಸ ಇದೇ.

ಆದ್ದರಿಂದ ಸಹೋದರರೇ, ಸಹೋದರಿಯರೇ, ನಿಮ್ಮ ಬೀದಿಯ ಶೆಡ್ಡಿಗೆ ಹೋಗಿ. ಹೆಸರು ಕೇಳಿ, ಜ್ವರವಿದ್ದರೆ ರಕ್ತ ಪರೀಕ್ಷೆಗೆ ಕರೆದೊಯ್ಯಿರಿ. ಪ್ರೈಮಾಕ್ವಿನ್ ಖಾಲಿ ಹೊಟ್ಟೆಗೆ ನುಂಗುವ ಮಾತ್ರೆಯಲ್ಲ, ಆದ್ದರಿಂದ ಗಂಜಿ ಒಯ್ಯಿರಿ. ಕಟ್ಟಡ ನಿಮ್ಮದೇ ಆದರೆ ಮಲಗಿದ ದಿನಗಳ ಕೂಲಿ ಹಿಡಿಯಬೇಡಿ, ನಿಂತ ನೀರು ಚೆಲ್ಲಿಸಿ. ಜ್ವರ ಇಳಿದ ಮೇಲೂ ಹೋಗಿ, ಏಳನೆಯ ದಿನ ಹೋಗಿ, ಹದಿನಾಲ್ಕನೆಯ ದಿನವೂ ಹೋಗಿ. ಅಷ್ಟರಲ್ಲಿ ಅವನನ್ನು ಬೇರೆ ಸೈಟಿಗೆ ಕಳಿಸಿದ್ದರೆ, ಎಲ್ಲಿಗೆಂದು ಮೇಸ್ತ್ರಿಯನ್ನು ಕೇಳಿ, ಆ ಊರಿನ ಆರೋಗ್ಯ ಕೇಂದ್ರಕ್ಕೆ ಅಂದೇ ಫೋನು ಮಾಡಿ.