ಗ್ರಾಹಕನ ವಿಳಾಸ ಯಾರ ಸೊತ್ತು?

ಸಿದ್ಧ ಉಡುಪುಗಳ ಸಣ್ಣ ಅಂಗಡಿ ನಡೆಸುತ್ತಿರುವ ಯುವಕನೊಬ್ಬ ಒಮ್ಮೆ ನನ್ನಲ್ಲಿ ಒಂದು ಪ್ರಶ್ನೆ ಕೇಳಿದ. 10 ಸಾವಿರ ಮಂದಿಯ ಇಮೇಲ್ ವಿಳಾಸಗಳಿರುವ ಪಟ್ಟಿಯನ್ನು ಅಗ್ಗದ ಬೆಲೆಗೆ ಕೊಡಲು ಯಾರೋ ಮುಂದೆ ಬಂದಿದ್ದರು. ರಮಝಾನ್ ಸಮೀಪಿಸಿತ್ತು, ಅಂಗಡಿಗೆ ಹೊಸ ಸರಕು ಬಂದಿತ್ತು. "ಕಾಕಾ, ನಾನು ಯಾರನ್ನೂ ವಂಚಿಸುತ್ತಿಲ್ಲ. ಬಟ್ಟೆ ಒಳ್ಳೆಯದೇ, ಬೆಲೆಯೂ ನ್ಯಾಯವಾದದ್ದು. ಬೇಡದವರು ಅಳಿಸಿ ಹಾಕಲಿ. ಇದರಲ್ಲಿ ತಪ್ಪೇನು?" ಎಂಬುದು ಅವನ ವಾದ.

ನೀವೂ ವ್ಯಾಪಾರಿಯಾಗಿದ್ದರೆ ಈ ವಾದ ಸರಿಯೆಂದೇ ತೋರಬಹುದು. ಸಂತೆಯಲ್ಲಿ ಕೂಗಿ ಮಾರುವವನು ಯಾರ ಅನುಮತಿಯನ್ನೂ ಕೇಳುವುದಿಲ್ಲವಲ್ಲ! ನಿಜ. ಆದರೆ ಸಂತೆ ಸಾರ್ವಜನಿಕ ಸ್ಥಳ. ಅಲ್ಲಿಗೆ ಬಂದವನು ಕೂಗನ್ನು ಕೇಳಲು ಸಿದ್ಧನಾಗಿಯೇ ಬಂದಿರುತ್ತಾನೆ. ಇಮೇಲ್ ಪೆಟ್ಟಿಗೆ ಹಾಗಲ್ಲ. ಮಗನ ಕಾಲೇಜಿನ ಪತ್ರ, ಆಸ್ಪತ್ರೆಯ ವರದಿ, ದೂರದ ಬಂಧುವಿನ ಸುದ್ದಿ ಬಂದು ಸೇರುವ ಆ ಜಾಗವು ಮನೆಯ ಒಳಕೋಣೆಗೆ ಸಮಾನ.

ಊರಿಗೆ ಹೋಗುವಾಗ ಗಿಡಗಳಿಗೆ ನೀರು ಹಾಕಲೆಂದು ನೆರೆಮನೆಯವರ ಕೈಗೆ ಬೀಗದ ಕೈ ಕೊಟ್ಟು ಹೋಗುತ್ತೇವೆ. ಅವರು ಆ ಮನೆಯಲ್ಲಿ ತಮ್ಮ ಅತಿಥಿಗಳನ್ನು ಉಳಿಸಿಕೊಂಡರೆ ನಮಗೆ ಹೇಗಾಗಬಹುದು? ಏನೂ ಕಳವಾಗದಿದ್ದರೂ ಅದು ವಿಶ್ವಾಸದ್ರೋಹವೇ. ಬಿಲ್ಲಿಗಾಗಿ ಕೊಟ್ಟ ವಿಳಾಸವೂ ಅಂತಹ ಒಂದು ಅಮಾನತು. ಅದನ್ನು ಕೊಡುವಾಗ ಯಾವ ಉದ್ದೇಶವಿತ್ತೋ ಅಲ್ಲಿಗೇ ಅದರ ಮಿತಿ. ಹೀಗಿರುವಾಗ ಅದನ್ನು ಮೂರನೆಯವನಿಗೆ ಮಾರುವ ಹಕ್ಕು ಯಾರಿಗಿದೆ? ಮಾರುವ ಹಕ್ಕಿಲ್ಲದವನಿಂದ ಕೊಂಡದ್ದು ಹೇಗೆ ನಮ್ಮದಾದೀತು?

ಈ ಪ್ರಶ್ನೆ ಇಂದು ನಿನ್ನೆಯದಲ್ಲ. ಇಂಟರ್‌ನೆಟ್‌ಗೆ ಮೊದಲು ಅಮೇರಿಕದಲ್ಲಿದ್ದ ಆರ್ಪಾನೆಟ್ ಎಂಬ ಜಾಲದಲ್ಲಿ, 1978ರ ಮೇ 3ರಂದು, ಡಿಜಿಟಲ್ ಇಕ್ವಿಪ್‌ಮೆಂಟ್ ಎಂಬ ಕಂಪ್ಯೂಟರ್ ಕಂಪೆನಿಯ ಗ್ಯಾರಿ ಥುರ್ಕ್ ಎಂಬವರು ಸುಮಾರು 400 ಮಂದಿಗೆ ಕೇಳದೆಯೇ ಜಾಹೀರಾತು ಕಳುಹಿಸಿದರು. ಜಾಲವನ್ನು ನೋಡಿಕೊಳ್ಳುತ್ತಿದ್ದವರು ಆಕ್ಷೇಪಿಸಿದರು. ತಮಗೆ ಇದರಿಂದ ಒಳ್ಳೆಯ ವ್ಯಾಪಾರವಾಯಿತೆಂದು ಥುರ್ಕ್ ಮುಂದೆ ಹೇಳಿಕೊಂಡರು. ಲಾಭವಾಯಿತಲ್ಲ, ಮತ್ತೇನು ಎಂಬ ತರ್ಕ ಅಂದಿನಿಂದಲೇ ಇದೆ.

ಕಾನೂನುಗಳೂ ಬಂದಿವೆ. ಅಮೇರಿಕದ 2003ರ ಕಾನೂನು ಮುಂಚಿತ ಅನುಮತಿ ಬೇಕೆಂದು ಹೇಳುವುದಿಲ್ಲ. ಆದರೆ ಶೀರ್ಷಿಕೆ ಮೋಸದ್ದಾಗಿರಬಾರದು, ಬೇಡವೆಂದವರಿಗೆ ಕೆಲಸದ 10 ದಿನಗಳೊಳಗೆ ಕಳುಹಿಸುವುದನ್ನು ನಿಲ್ಲಿಸಬೇಕು ಎನ್ನುತ್ತದೆ. ನಮ್ಮ ದೇಶದಲ್ಲಿ 2023ರಲ್ಲಿ ಅಂಗೀಕಾರವಾದ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ, ಒಪ್ಪಿಗೆ ಕೊಡುವುದು ಎಷ್ಟು ಸುಲಭವೋ ಹಿಂತೆಗೆದುಕೊಳ್ಳುವುದೂ ಅಷ್ಟೇ ಸುಲಭವಾಗಿರಬೇಕು. ಜಿಮೇಲ್‌ಗೆ ದಿನಕ್ಕೆ 5 ಸಾವಿರಕ್ಕಿಂತ ಹೆಚ್ಚು ಪತ್ರ ಕಳುಹಿಸುವವರು ಒಂದೇ ಒತ್ತಿಗೆ ಹೊರಹೋಗುವ ದಾರಿ ಕೊಡಬೇಕು, ದೂರುಗಳು ಸಾವಿರಕ್ಕೆ ಮೂರನ್ನು ಮುಟ್ಟಬಾರದು ಎಂದು ಗೂಗಲ್ 2024ರ ಫೆಬ್ರವರಿಯಿಂದ ನಿಯಮ ಮಾಡಿದೆ. ಕೊಂಡ ಪಟ್ಟಿಯಲ್ಲಿ ಸತ್ತ ವಿಳಾಸಗಳೂ ಸಿಟ್ಟಾಗುವ ಅಪರಿಚಿತರೂ ಬೇಕಾದಷ್ಟಿರುತ್ತಾರೆ. ದೂರು ಹೆಚ್ಚಿದರೆ ಅಂಗಡಿಯವನು ನಿಜವಾದ ಗ್ರಾಹಕನಿಗೆ ಬರೆದ ಪತ್ರವೂ ಕಸದ ಪೆಟ್ಟಿಗೆಗೆ ಬೀಳುತ್ತದೆ. ಇದನ್ನು ಹೇಳಿದಾಗ ಯುವಕ ತಟ್ಟನೆ ಎಚ್ಚೆತ್ತ! ಅಲ್ಲಾಹನ ಭಯಕ್ಕಿಂತ ಗೂಗಲ್‌ನ ಭಯ ಬೇಗ ನಾಟುತ್ತದೆಯೇನೋ.

ಇತರರ ಮನೆಗೆ ಹೋದಾಗ ಸಲಾಮ್ ಹೇಳಿ ಅನುಮತಿ ಪಡೆಯದೆ ಒಳಗೆ ಕಾಲಿಡಬಾರದು, ಹಿಂದಿರುಗಿರೆಂದರೆ ಹಿಂದಿರುಗಬೇಕು ಎಂಬ ಆದೇಶ ಪವಿತ್ರ ಕುರ್‌ಆನಿನ ಅನ್ನೂರ್ ಅಧ್ಯಾಯದಲ್ಲಿದೆ. ಆದರೆ ಒಳಗಿನಿಂದ ಉತ್ತರವೇ ಬರದಿದ್ದರೆ? ಅಬೂ ಮೂಸಾ ಅಶ್‌ಅರೀ(ರ)ರವರು ಖಲೀಫಾ ಉಮರ್(ರ)ರವರ ಬಾಗಿಲಲ್ಲಿ ಮೂರು ಸಲ ಅನುಮತಿ ಕೇಳಿ, ಉತ್ತರ ಸಿಗದೆ ಹೊರಟುಹೋದರು. ಯಾಕೆ ಹೋದಿರೆಂದು ಕೇಳಿದಾಗ, ಪ್ರವಾದಿ(ಸ)ರವರು ಹಾಗೆಯೇ ಕಲಿಸಿದ್ದಾರೆಂದು ಹೇಳಿದರು. ಉಮರ್(ರ) ಸಾಕ್ಷಿ ಕೇಳಿದರು. ಅಬೂ ಸಈದ್ ಖುದ್ರೀ(ರ) ಬಂದು ಸಾಕ್ಷಿ ನುಡಿದರು. ಮಾರುಕಟ್ಟೆಯ ವ್ಯವಹಾರದಲ್ಲಿ ಮುಳುಗಿದ್ದುದರಿಂದ ಈ ಬೋಧನೆ ತನಗೆ ತಪ್ಪಿಹೋಯಿತೆಂದು ಉಮರ್(ರ) ಆಗ ಒಪ್ಪಿಕೊಂಡರು. ಇಮಾಮ್ ಬುಖಾರಿಯವರು ಈ ಘಟನೆಯನ್ನು ವ್ಯಾಪಾರದ ಅಧ್ಯಾಯದಲ್ಲೂ ಸೇರಿಸಿದ್ದಾರೆ.

ನಾನು ಮುಫ್ತಿಯಲ್ಲ, ಫತ್ವಾ ಕೊಡುತ್ತಿಲ್ಲ. ಆದರೂ ಮೌನವನ್ನು ಒಪ್ಪಿಗೆಯೆಂದು ಭಾವಿಸುವುದೇ ಇಂದಿನ ಜಾಹೀರಾತಿನ ಬಂಡವಾಳವಾಗಿರುವಾಗ, ಅಬೂ ಮೂಸಾ(ರ) ಮೌನವನ್ನು 'ಬೇಡ' ಎಂದು ಅರ್ಥಮಾಡಿಕೊಂಡರು ಎಂಬುದನ್ನು ನೀವೇ ಯೋಚಿಸಿ.

ಇನ್ನು ಶೀರ್ಷಿಕೆಯ ವಿಷಯ. ಪ್ರವಾದಿ(ಸ)ರವರು ಮಾರುಕಟ್ಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈ ತೂರಿಸಿದಾಗ ಬೆರಳುಗಳಿಗೆ ತೇವ ತಾಗಿದ ಪ್ರಸಂಗವನ್ನು ನೀವು ಕೇಳಿರುತ್ತೀರಿ. ಮಳೆಗೆ ನೆನೆದದ್ದು ವ್ಯಾಪಾರಿಯ ತಪ್ಪಾಗಿರಲಿಲ್ಲ. ನೆನೆದದ್ದನ್ನು ಅಡಿಯಲ್ಲಿಟ್ಟು ಒಣಗಿದ್ದನ್ನು ಮೇಲೆ ತೋರಿಸಿದ್ದು ತಪ್ಪಾಗಿತ್ತು. ನಾಳೆಯೂ ಇರುವ ರಿಯಾಯಿತಿಗೆ 'ಇಂದೇ ಕೊನೆಯ ದಿನ' ಎಂದು ಬರೆಯುವುದು, ಜಾಹೀರಾತಿಗೆ 'ನಿಮ್ಮ ಆರ್ಡರಿನ ಬಗ್ಗೆ' ಎಂಬ ತಲೆಬರಹ ಕೊಟ್ಟು ಗಾಬರಿಯಿಂದ ತೆರೆಯುವಂತೆ ಮಾಡುವುದು ಇವೆಲ್ಲ ಮೇಲೆ ಹರಡಿದ ಒಣ ಧಾನ್ಯವೇ. ಪತ್ರ ಯಾವಾಗ ತೆರೆಯಲ್ಪಟ್ಟಿತೆಂದು ತಿಳಿಸುವ, ಕಣ್ಣಿಗೆ ಕಾಣದಷ್ಟು ಚಿಕ್ಕ ಚಿತ್ರವನ್ನು ಅಡಗಿಸಿಡುವ ಕ್ರಮವೂ ಇದೆ. ಇತರರ ಗುಟ್ಟು ಶೋಧಿಸಬೇಡಿರೆಂದು ಕಲಿತವರಿಗೆ ಅದರ ಬಗ್ಗೆ ಹೆಚ್ಚು ವಿವರಿಸಬೇಕಾಗಿಲ್ಲ.

ಹಾಗಾದರೆ ಏನು ಮಾಡಲಿ ಎಂದು ಅವನು ಕೇಳಿದ. ಗಲ್ಲಾದ ಬಳಿ ಒಂದು ಪುಸ್ತಕವಿಡು ಎಂದೆ. 'ಹೊಸ ಸರಕು ಬಂದಾಗ ತಿಂಗಳಿಗೊಮ್ಮೆ ಬರೆಯುತ್ತೇವೆ' ಎಂದು ಮೇಲೆಯೇ ಬರೆದಿರಲಿ. ಇಷ್ಟವಿದ್ದವರು ತಾವೇ ವಿಳಾಸ ಬರೆಯಲಿ. ತಿಂಗಳಿಗೊಮ್ಮೆ ಎಂದರೆ ಒಮ್ಮೆಯೇ. ಪತ್ರದಲ್ಲಿ ಬಟ್ಟೆಯ ಬಗೆ, ಅಳತೆ, ಬೆಲೆ, ಬಣ್ಣ ಹೋಗುವುದೋ ಇಲ್ಲವೋ ಎಲ್ಲವೂ ಇರಲಿ. ನಿಲ್ಲಿಸುವ ದಾರಿ ಹುಡುಕಿದರೆ ಮಾತ್ರ ಸಿಗುವಷ್ಟು ಸಣ್ಣ ಅಕ್ಷರದಲ್ಲಿರುವುದು ಬೇಡ.

ಅವನು ಪಟ್ಟಿಯನ್ನು ಕೊಳ್ಳಲಿಲ್ಲ. ಆದರೆ ಹಳೆಯ ಬಿಲ್ಲುಗಳಿಂದ ಕೂಡಿಸಿದ 600 ವಿಳಾಸಗಳು ಅವನ ಬಳಿ ಮೊದಲೇ ಇದ್ದವು. ಅವುಗಳಿಗೆ ವರ್ಷದಿಂದ ಜಾಹೀರಾತು ಕಳುಹಿಸುತ್ತಲೂ ಇದ್ದ. "ಮುಂದೆಯೂ ಕಳುಹಿಸಲೇ ಎಂದು ಕೇಳಿ ಬರೆ, ಮೂರು ಸಲ ಬರೆ. ಉತ್ತರಿಸದವರನ್ನು ಅಳಿಸಿಬಿಡು" ಎಂದೆ.

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಅನಂತರ, "ಹಬ್ಬದ ಮೊದಲೇ ಅಳಿಸಬೇಕೇ?" ಎಂದು ಕೇಳಿದ.