ಎಣಿಕೆಗೆ ಮೊದಲಿನ ಪ್ರಶ್ನೆ

ಸಮೀಕ್ಷೆಯೊಂದು ಹೊರಬಂದೊಡನೆ ಸಾರ್ವಜನಿಕ ಚರ್ಚೆಯಲ್ಲಿ ಕೇಳಿಬರುವುದು ಎರಡೇ ಮಾತು: ಅಂಕಿಅಂಶಗಳು ಸುಳ್ಳು ಹೇಳುವುದಿಲ್ಲ ಎಂಬುದು ಒಂದು, ಲೆಕ್ಕ ಹಾಕಿದವರೇ ಪಕ್ಷಪಾತಿಗಳು ಎಂಬುದು ಇನ್ನೊಂದು. ವಸ್ತುನಿಷ್ಠತೆಯನ್ನು, ಅಂದರೆ ನೋಡುವವನ ಇಷ್ಟಾನಿಷ್ಟಗಳಿಗೆ ಮಣಿಯದ ಅರಿವನ್ನು, ಎರಡೂ ಕಡೆಯವರು ಎಣಿಸುವವನ ಪ್ರಾಮಾಣಿಕತೆಯ ಪ್ರಶ್ನೆಯಾಗಿ ಕುಗ್ಗಿಸಿದ್ದಾರೆ. ಎಣಿಕೆಯಲ್ಲಾಗುವ ತಪ್ಪು ಬೇರೆ, ಯಾರನ್ನು ಯಾರ ಜೊತೆ ಸೇರಿಸಿ ಎಣಿಸಬೇಕೆಂಬ ತೀರ್ಮಾನ ಬೇರೆ; ಮೊದಲನೆಯದನ್ನು ಮರುಎಣಿಕೆ ತಿದ್ದುತ್ತದೆ, ಎರಡನೆಯದು ಎಷ್ಟು ಸಲ ಎಣಿಸಿದರೂ ಇದ್ದಂತೆಯೇ ಉಳಿಯುತ್ತದೆ.

ಮದ್ರಾಸ್ ವಿಶ್ವವಿದ್ಯಾಲಯದ ಅರ್ಥಶಾಸ್ತ್ರ ಪ್ರಾಧ್ಯಾಪಕರಾಗಿದ್ದ ಗಿಲ್ಬರ್ಟ್ ಸ್ಲೇಟರ್ ತಮ್ಮ ವಿದ್ಯಾರ್ಥಿಗಳಿಂದ ಮಾಡಿಸಿ 1918ರಲ್ಲಿ ಪುಸ್ತಕವಾಗಿ ತಂದ ಗ್ರಾಮ ಸಮೀಕ್ಷೆಗಳಲ್ಲಿ ಇಂದಿನ ವಿಳುಪ್ಪುರಂ ಜಿಲ್ಲೆಯ ಇರುವೇಲ್ಪಟ್ಟು ಒಂದು. ಮುಂದೆ ಪಿ.ಜೆ. ಥಾಮಸ್, ಕೆ.ಸಿ. ರಾಮಕೃಷ್ಣನ್, ಆಮೇಲೆ ಎಸ್. ಗುಹನ್, ಜೋನ್ ಮೆಂಚರ್ ಮತ್ತೆ ಅದೇ ಊರನ್ನು ಅಧ್ಯಯನ ಮಾಡಿದರು. ಸ್ಲೇಟರ್ ಕಾಲದ ವರದಿಯಲ್ಲಿ ಪಡಿಯಾಳು ಎಂಬವನಿದ್ದಾನೆ: ಭೂಮಾಲೀಕನಿಂದ ಸಾಲ ಪಡೆದು, ಅದು ತೀರುವತನಕ ಅವನ ಹೊಲದಲ್ಲೇ ದುಡಿಯಬೇಕಾದವನು. ಇವನು ಸಾಲಗಾರನೋ, ಕೂಲಿಯೋ, ಜೀತದಾಳೋ? ಮೂರರಲ್ಲಿ ಯಾವ ಕಾಲಮ್ಮಿಗೆ ಹಾಕಿದರೂ ಎಣಿಕೆ ಕರಾರುವಾಕ್ಕಾಗಿಯೇ ಇರುತ್ತದೆ, ಊರು ಮಾತ್ರ ಮೂರು ಬಗೆಯಾಗಿ ಕಾಣುತ್ತದೆ.

ಸಾಮಾಜಿಕ ಸಂಗತಿಗಳನ್ನು ವಸ್ತುಗಳಂತೆ ಕಂಡು, ಬಾಹ್ಯ ಲಕ್ಷಣಗಳಿಂದಲೇ ವಿಂಗಡಿಸಬೇಕೆಂದು 1895ರಲ್ಲಿ ವಿಧಿಸಿದ ಎಮಿಲ್ ಡರ್ಖೈಮ್ ಇಲ್ಲಿ ನೆರವಿಗೆ ಬರುವುದಿಲ್ಲ. ಪಡಿಯಾಳೂ ಸಂಬಳದಾಳೂ ಒಂದೇ ಗದ್ದೆಗೆ ಇಳಿದು, ಒಂದೇ ಭತ್ತವನ್ನು ಕೂಲಿಯಾಗಿ ಅಳೆಸಿಕೊಂಡು ಹೋಗಬಹುದು. ಅವರನ್ನು ಬೇರ್ಪಡಿಸುವ, ಬಿಟ್ಟುಹೋಗುವ ಸ್ವಾತಂತ್ರ್ಯ ಬದುವಿನ ಮೇಲೆ ನಿಂತು ಬರೆದುಕೊಳ್ಳುವವರಿಗೆ ಕಾಣದು. ನಿರ್ಬಂಧವೇ ಸಾಮಾಜಿಕ ಸಂಗತಿಯ ಗುರುತೆಂದು ಡರ್ಖೈಮ್ ಹೇಳಿದ್ದರೆಂಬುದು ನಿಜ. ಆದರೆ ನಿರ್ಬಂಧ ಕಣ್ಣಿಗೆ ಬೀಳುವುದು ಯಾರಾದರೂ ಅದನ್ನು ಮೀರಲು ಹೊರಟಾಗ, ಮೀರುವ ಯೋಚನೆಯೇ ಬಾರದಷ್ಟು ಗಟ್ಟಿಯಾದ ನಿರ್ಬಂಧವೇ ಅವರ ಜಾಲರಿಯಿಂದ ಜಾರಿಹೋಗುತ್ತದೆ.

ಎರಡು ಕ್ರಿಯೆಗಳು ಒಂದೇ ಬಗೆಯವೇ ಎಂಬುದನ್ನು ಆ ಬದುಕಿನ ಒಳಗಿನ ನಿಯಮಗಳನ್ನು ಬಿಟ್ಟು ತೀರ್ಮಾನಿಸಲಾಗದೆಂದು 1958ರಲ್ಲಿ ವಾದಿಸಿದ ಪೀಟರ್ ವಿಂಚ್ ಸತ್ಯಕ್ಕೆ ಹೆಚ್ಚು ಹತ್ತಿರ. ಆದರೂ ಊರಿನ ನಿಯಮ ಯಾವುದೆಂದು ಹೇಳುವ ಅಧಿಕಾರ ಎಲ್ಲರಿಗೂ ಸಮನಾಗಿಲ್ಲ ಎಂಬುದನ್ನು ಅವರು ಸಾಕಷ್ಟು ಗಮನಿಸಲಿಲ್ಲ. ಧಣಿ ‘ಇದು ಬರೀ ಸಾಲ’ ಎಂದರೆ ಆಳೂ ತಲೆಯಾಡಿಸಿಯಾನು. ಹಾಗೆಂದು ವರ್ಗೀಕರಣ ಸಂಶೋಧಕನ ಮರ್ಜಿಗೆ ಬಿಟ್ಟದ್ದಲ್ಲ. ಬಿಟ್ಟುಹೋದರೆ ಏನಾಗುತ್ತದೆ, ಸಾಲ ಎಂದಾದರೂ ತೀರಿದ್ದುಂಟೇ, ತಂದೆಯ ಸಾಲ ಮಗನ ತಲೆಗೆ ಬರುತ್ತದೆಯೇ ಎಂಬ ಪ್ರಶ್ನೆಗಳಿಗೆ ಸರಿಯುತ್ತರ, ತಪ್ಪುತ್ತರ ಎರಡೂ ಇವೆ, ಮತ್ತು ಅವನ್ನು ಮೊದಲು ಕೇಳಬೇಕಾದದ್ದು ಆಳನ್ನು. ಈ ವಿಷಯದಲ್ಲಿ ಕಾನೂನು ಅನೇಕ ಸಂಶೋಧಕರಿಗಿಂತ ಮುಂದಿದೆ: ತನ್ನ ಮೇಲಿನ ಸಾಲ ಜೀತದ ಸಾಲವೆಂದು ಜೀತದಾಳು ಹೇಳಿದರೆ, ಅಲ್ಲವೆಂದು ರುಜುವಾತುಪಡಿಸುವ ಹೊಣೆಯನ್ನು 1976ರ ಜೀತಪದ್ಧತಿ ನಿರ್ಮೂಲನ ಕಾಯಿದೆಯ 15ನೇ ಕಲಮು ಸಾಲ ಕೊಟ್ಟವನ ಮೇಲೆಯೇ ಹೊರಿಸಿದೆ.